ಮುನಿತಾಯಮ್ಮನ ಕೋಟಿನ ಎಡಜೇಬು

“ಆ ಜೇಬಲ್ಲ ಕಣ್ಲಾ, ಹಿಂದ್ಲ ಜೇಬು ತೋರ್ಸು.”

“ಅದರಲ್ಲಿ ಬರೀ ಕರ್ಚೀಫು, ಅಜ್ಜಿ.”

“ಕರ್ಚೀಪು ಗಡಗಡ ಅಂತದೇನ್ಲಾ? ತಗಿ ಈಚ್ಗೆ.”

ತೆಗೆದೆ. ಬೆಂಕಿಪೊಟ್ಟಣ. ಶಿಬಿರದ ಸ್ಟೌ ಹಚ್ಚುವುದಕ್ಕೆ ಎಂದೆ. “ಸ್ಟೌ ಹತ್ಸೋನ್ ಬಾಯಿ ಯಾಕ್ಲಾ ಸಿಗ್ರೇಟ್ ನಾತ ಹೊಡೀತೈತೆ?” ಎಂದವರೇ, ಮುನಿತಾಯಮ್ಮ ಅದನ್ನು ತಮ್ಮ ಖಾಕಿ ಕೋಟಿನ ಎಡಜೇಬಿಗೆ ಇಳಿಬಿಟ್ಟು, ಕಣದೊಳಗೆ ಬರಲು ನನಗೆ ಅಪ್ಪಣೆ ಕೊಟ್ಟರು.

ಆ ಕೋಟು ರಸ್ತೆ ರಿಪೇರಿ ಕೆಲಸಕ್ಕೆ ಹೋಗುತ್ತಿದ್ದ ಅವರ ಗಂಡ ಕಾಳಯ್ಯನದು. ಕಾಳಯ್ಯ ತೀರಿಕೊಂಡು ಹತ್ತು ವರ್ಷ. ಮುನಿತಾಯಮ್ಮನ ಮೊಣಕಾಲನ್ನು ಮುಚ್ಚುವ ಆ ಕೋಟು ಮಾತ್ರ ಪ್ರತಿ ಸುಗ್ಗಿಗೂ ಕೆಲಸಕ್ಕೆ ಹಾಜರು. ಎತ್ತು ತುಳಿದ ಎಡಗಾಲನ್ನು ಅವರು ತುಸು ಎಳೆದೆಳೆದು ಇಡುತ್ತಾರೆ, ಹಾಗೆ ಇಟ್ಟಾಗಲೆಲ್ಲ ಜೇಬಿನೊಳಗಿನ ಮೂವತ್ತು ನಲವತ್ತು ಬೆಂಕಿಪೊಟ್ಟಣಗಳು ಒಟ್ಟಿಗೆ ಗಲಗಲ ಎನ್ನುತ್ತವೆ. ಆದ್ದರಿಂದ ಬೈರಾಪಟ್ಟಣದಲ್ಲಿ ಅವರು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಾರೆ. ಆ ಸದ್ದಿಗೆ ಬೀಡಿಗಳು ತಾವಾಗಿಯೇ ಆರಿಹೋಗುತ್ತವೆ. ಕಡೆಯ ಕಾಳು ಮನೆ ಸೇರುವವರೆಗೆ ಊರಿನ ಬೆಂಕಿಯೆಲ್ಲ ಅವರ ಜೇಬಿನಲ್ಲಿ. ಆಮೇಲೆ ಒಂದೂ ತಪ್ಪದಂತೆ ಅವರವರದನ್ನು ಅವರವರಿಗೆ ಹಂಚುತ್ತಾರೆ. ಮೂಲೆ ಕಚ್ಚಿರುವುದು ಗಂಗಯ್ಯನದು, ದಾರ ಸುತ್ತಿರುವುದು ಮಂಚಯ್ಯನದು!

ನಾನು ಅಲ್ಲಿಗೆ ಹೋದದ್ದು ಕಾಲೇಜಿನ ಶಿಬಿರದ ಪಟ್ಟಿ ಹಿಡಿದು, ಹಿಪ್ಪುನೇರಳೆ ಎಷ್ಟು ಎಕರೆ ಎಂದು ಬರೆದುಕೊಳ್ಳುವುದಕ್ಕೆ. ಬರೆದು ಬರೆದು ಕೈ ಸೋತಿತು. ಎಲ್ಲಿ ನೋಡಿದರೂ ಸೊಪ್ಪು, ಮನೆಮನೆಯಲ್ಲೂ ರೇಷ್ಮೆ ಹುಳ, ರಾಮನಗರದ ಮಾರುಕಟ್ಟೆಗೆ ಗೂಡು ಹೊತ್ತ ವ್ಯಾನುಗಳ ಓಡಾಟ. ರಾಗಿ ಬಿಡದೆ ಉಳಿದವರು ಒಂಬತ್ತೇ ಮನೆಯವರು; ಟಾರು ರಸ್ತೆಯ ಪಕ್ಕದ ಒಂದೇ ಕಣದಲ್ಲಿ ಅವರ ಒಂಬತ್ತು ಮೆದೆಗಳು, ಅಂದರೆ ಒಂಬತ್ತು ಮನೆಗಳ ವರ್ಷದ ಮುದ್ದೆ. “ಹೊಲವೆಲ್ಲ ಹುಳುಕ್ಕೆ, ಮನ್ಸಂಗೆ ಸೊಸೈಟಿ ಅಕ್ಕಿ! ನಾನಂತೂ ಆ ತೋಟಕ್ಕೆ ಕಾಲಿಕ್ಕಕಿಲ್ಲ” ಎಂದು ಮುನಿತಾಯಮ್ಮ ಎಲ್ಲರೆದುರೂ ಹೇಳಿದ್ದರಂತೆ.

ಈ ವರ್ಷದ ಹವಾಮಾನಕ್ಕೆ ಹುಚ್ಚು ಹಿಡಿದಿತ್ತು. ಕೊಯ್ಲಿಗೆ ಸರಿಯಾಗಿ ಹನ್ನೊಂದು ದಿನ ಜಡಿಮಳೆ. ಹಸಿ ತೆನೆಯನ್ನೇ ಮೆದೆ ಹಾಕಿದರು; ಅಂಥ ಮೆದೆ ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಮುನಿತಾಯಮ್ಮ ದಿನವೂ ಹಾರೆಯನ್ನು ಮೆದೆಯ ಹೊಟ್ಟೆಗೆ ಚುಚ್ಚಿ, ಎಲೆ ಅಡಿಕೆ ಅಗಿಯುವಷ್ಟು ಹೊತ್ತು ಬಿಟ್ಟು, ಎಳೆದು, ಅದರ ತುದಿಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರಂತೆ. ಒಂದು ಬೆಳಗ್ಗೆ ಗಂಗಯ್ಯನ ಮೆದೆಯ ಮುಂದೆ ನಿಂತು, “ಕಾವು ಹಿಡಿದೈತೆ, ಕೆಡವ್ಲಾ” ಎಂದರು. ಗಂಗಯ್ಯ ನಕ್ಕ. ಅವರೇ ಹತ್ತಿ ಕಿತ್ತೆಸೆದರು. ನಡುವಿನ ಕಂತೆಗಳು ಕಂದಿ, ಹಬೆಯಾಡುತ್ತಿದ್ದವು; ಆರಹಾಕಿ ಮತ್ತೆ ಮೆದೆ ಒಟ್ಟಬೇಕಾಯಿತು. ಗಂಗಯ್ಯನ ನಗು ನಿಂತಿತು, ಬುದ್ಧಿ ಮಾತ್ರ ಬರಲಿಲ್ಲ.

ಮಳೆ ಹೋದ ಮೇಲೆ ಬಂದದ್ದು ಶಿವರಾತ್ರಿಗೂ ಮೊದಲೇ ಉರಿಬಿಸಿಲು, ಒಣಗಾಳಿ. ಮುನಿತಾಯಮ್ಮ ಕಣದ ಸುತ್ತ ಎರಡು ಸುತ್ತು ನೇಗಿಲು ಹೊಡೆಸಿ, ಹುಲ್ಲುಕಡ್ಡಿ ಇಲ್ಲದಂತೆ ಬರಿಮಣ್ಣು ಮಾಡಿಸಿ, ಡ್ರಮ್ಮುಗಳಲ್ಲಿ ನೀರು ತುಂಬಿಸಿಟ್ಟಿದ್ದರು. ಒಕ್ಕಣೆಯ ಕಲ್ಲುಗುಂಡು ಉರುಳಿಸಲು ತನ್ನ ಸರದಿ ಬರುವವರೆಗೆ ಕಾಯಲಾರದ ಗಂಗಯ್ಯ, ನಾನು ಹೋದ ಶನಿವಾರ, ತನ್ನ ಮೆದೆಯಿಂದ ನಾಲ್ಕು ಹೊರೆ ರಾಗಿಯನ್ನು ಎಳೆದು ಟಾರು ರಸ್ತೆಗೇ ಹರಡಿಬಿಟ್ಟ. ಬಸ್ಸು ಲಾರಿ ತುಳಿದರೆ ಪುಕ್ಕಟೆ ಒಕ್ಕಣೆ! ಫಕ್ರುದ್ದೀನನ ಗೂಡಿನ ವ್ಯಾನು ಅದರ ಮೇಲೆ ಬಂತು. ಹುಲ್ಲು ವ್ಯಾನಿನ ಅಡಿಭಾಗಕ್ಕೆ ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಹೊಗೆಯಾಡಿತು. ಅವನು ಗಾಬರಿಯಲ್ಲಿ ಬ್ರೇಕ್ ಒತ್ತಿದ.

“ನಿಲ್ಲಿಸ್ಬ್ಯಾಡ ಕಣೋ ಫಕ್ರುದ್ದೀನಾ! ಹುಲ್ಲು ದಾಟ್ಸು!” ಮುನಿತಾಯಮ್ಮ ಕೂಗಿದರು.

ವ್ಯಾನು ಬರಿರಸ್ತೆಗೆ ಹಾರಿತು, ಜನ ಮಣ್ಣೆರಚಿ ಆರಿಸಿದರು. ಆದರೆ ರಸ್ತೆಯ ಹುಲ್ಲು ಹೊತ್ತಿಯಾಗಿತ್ತು. ಗಾಳಿ ನೇರ ಕಣದ ಕಡೆಗೇ ಬೀಸುತ್ತಿತ್ತು. ಮುನಿತಾಯಮ್ಮ ಕಾಲೆಳೆಯುತ್ತಲೇ ಬೆಂಕಿಯತ್ತ ಓಡಿದರು, ಗಲಗಲ, ಗಲಗಲ...

“ಅಜ್ಜೀ, ಕೋಟು!” ಎಂದು ಕಿರುಚಿದೆ.

ಅವರು ನಿಂತರು, ಜೇಬು ನೋಡಿಕೊಂಡರು, ಕೋಟು ಕಳಚಿ ನನ್ನ ಮುಖದ ಮೇಲೆಸೆದರು. “ಕಟ್ಟೆಗೆ ಓಡ್ಲಾ! ನೀರೊಳಗೆ ನಿಂತ್ಕೊ!”

ನಾನು ಕಣದಾಚೆಯ ಕಟ್ಟೆಯ ಸೊಂಟದವರೆಗಿನ ನೀರಿನಲ್ಲಿ, ಊರಿನ ಬೆಂಕಿಯನ್ನೆಲ್ಲ ತಲೆಯ ಮೇಲೆ ಹೊತ್ತು ನಿಂತು ಮಿಕ್ಕದ್ದನ್ನು ನೋಡಿದೆ. ಹುಳ ಸಾಕುವ ಅಪ್ಪಾಜಿಯ ಗಾಡಿ ಹಿಪ್ಪುನೇರಳೆ ಕಡ್ಡಿ ಹೇರಿಕೊಂಡು ಅದೇ ದಾರಿಯಲ್ಲಿ ಬರುತ್ತಿತ್ತು.

“ಅಪ್ಪಾಜಿ, ಸೊಪ್ಪು ಇಳಿಸ್ಲಾ!”

“ಅಕ್ಕೋ, ಹುಳ ನಾಕ್ನೇ ಜ್ವರ ಎದ್ದವೆ, ಹಸ್ಕೊಂಡವೆ!” ನಾಲ್ಕನೆಯ ಸಲ ಪೊರೆ ಬಿಟ್ಟೆದ್ದ ಹುಳಕ್ಕೆ ಹಸಿವು ಬಲು ಜೋರು.

“ಹುಳುಕ್ಕೆ ಸಂಜೀಗೆ ನಾನೇ ಕುಯ್ದು ತತ್ತೀನಿ, ಇಳಿಸು!”

ಅಪ್ಪಾಜಿ ಒಂದು ಕ್ಷಣ ಅವರ ಮುಖ ನೋಡಿದ, ಗಾಡಿಯನ್ನೇ ಮಗುಚಿದ. ಎಲೆ ತುಂಬಿದ ಹಸಿ ಕಡ್ಡಿಗಳನ್ನು ಡ್ರಮ್ಮಿಗೆ ಅದ್ದಿ ಅದ್ದಿ, ಹೆಂಗಸರು ಗಂಡಸರು ಸಾಲಾಗಿ ನಿಂತು ಬೆಂಕಿಯನ್ನು ಬಡಿದರು. ಉತ್ತ ಪಟ್ಟೆಯ ಅಂಚಿಗೆ ಬಂದ ಜ್ವಾಲೆಗೆ ತಿನ್ನಲು ಏನೂ ಸಿಗದೆ, ಮುಂದಕ್ಕೂ ಹೋಗಲಾಗದೆ, ಅಲ್ಲೇ ಕುಸಿದು ಕಪ್ಪಾಯಿತು. ಹೋದದ್ದು ಗಂಗಯ್ಯ ಹರಡಿದ ನಾಲ್ಕು ಹೊರೆ. ಒಂಬತ್ತು ಮೆದೆಗಳೂ ನಿಂತಿದ್ದವು!

ಕೇಕೆಗಳ ನಡುವೆ ಮಸಿಮುಖದ ಮುನಿತಾಯಮ್ಮ ಕೈಚಾಚಿ ಮೊದಲು ಕೇಳಿದ್ದು ಕೋಟನ್ನು. ಸಂಜೆ, ಹೇಳಿದ ಮಾತಿನಂತೆ, ಕುಡುಗೋಲು ಹಿಡಿದು ಹಿಪ್ಪುನೇರಳೆ ತೋಟದೊಳಕ್ಕೆ ಹೋದರು. “ಕಾಲಿಕ್ಕಕಿಲ್ಲ ಅಂದಿದ್ದೆ, ಅಕ್ಕಾ?” ಎಂದು ಅಪ್ಪಾಜಿ ಕೆಣಕಿದ. “ಬಾಯ್ಮುಚ್ಕೊಂಡು ಹೊರೆ ಕಟ್ಲಾ. ಸೊಪ್ಪು ಚೆಂದಾಗೇ ಬಡೀತು.”

ಹೊಟ್ಟು ತೂರುವುದಕ್ಕೆ ಬೇಕಾದ ಗಾಳಿಯೇ ಕಿಡಿಯನ್ನೂ ಹೊತ್ತು ತರುತ್ತದೆ. ಆ ಗಾಳಿ ಬರಲೆಂದು ಒಂದು ಕೈಯಲ್ಲಿ ಮೊರ ಹಿಡಿದು, ಬಂದರೇನು ಗತಿ ಎಂದು ಇನ್ನೊಂದು ಕೈಯಲ್ಲಿ ನೀರು ತುಂಬಿಸಿಟ್ಟುಕೊಂಡು ಕಾಯುವ ಜನ ಮುನಿತಾಯಮ್ಮನಂಥವರು. ಅವರ ಎಚ್ಚರವನ್ನು ಊರು ಮೊಂಡುತನ ಎಂದು ಕರೆಯುತ್ತದೆ, ನಗುತ್ತದೆ, ಜೇಬು ಬರಿದುಮಾಡಿ ಕೊಡುತ್ತದೆ. ಮತ್ತು ವರ್ಷವಿಡೀ ಉಣ್ಣುತ್ತದೆ.

ಬಸ್ಸು ಹತ್ತುವಾಗ ನನ್ನ ಪೊಟ್ಟಣ ಕೇಳಿದೆ. “ಕಣ ಇನ್ನೂ ಎತ್ತಿಲ್ವಲ್ಲೋ. ಬರೋ ಬುಧವಾರ ಕಡೇ ರಾಶಿ ತೂರ್ತೀವಿ, ಬಾ. ಹೊಸ ರಾಗಿ ಮುದ್ದೆ ಉಂಡು ಈಸ್ಕೊಂಡೋಗು” ಎಂದರು. ಬುಧವಾರ ಎರಡು ಕ್ಲಾಸು, ಒಂದು ಲ್ಯಾಬು ಇದೆ. ಮೊದಲ ಬಸ್ಸಿಗೇ ಹೊರಡುತ್ತೇನೆ, ಜೇಬಿನಲ್ಲಿ ಬರೀ ಕರ್ಚೀಫು ಇಟ್ಟುಕೊಂಡು.