ಒಂದು ಲೋಟ ಚಹಾದ ಹೊತ್ತು

ತಂಗಿಗೆ ಜ್ವರ ಬಿಟ್ಟು ಐದು ದಿನವಾಗಿತ್ತು. ನಾಲಿಗೆಗೆ ಮಾತ್ರ ಇನ್ನೂ ಜೀವ ಬಂದಿರಲಿಲ್ಲ. ಅನ್ನ ಇಟ್ಟರೆ ಹತ್ತಿ ಅಗಿದ ಹಾಗಿದೆ ಎನ್ನುವಳು, ಗಂಜಿ ಇಟ್ಟರೆ ಗೋಡೆಯ ಕಡೆ ಹೊರಳಿ ಮಲಗುವಳು. ಭಾನುವಾರ ಬೆಳಿಗ್ಗೆ ತಾನಾಗಿಯೇ ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕ, ನಿನ್ನ ಆ ಖಾರದ ಸೌತೆಕಾಯಿ ತಿನ್ಬೇಕು ಅನ್ಸಿದೆ. ಅದೊಂದು ತಿಂದ್ರೆ ನನ್ ಬಾಯಿ ದಾರಿಗೆ ಬರುತ್ತೆ."

"ಅಷ್ಟೇ ತಾನೇ? ಮಧ್ಯಾಹ್ನದೊಳಗೆ ಮಾಡಿ ತರ್ತೀನಿ."

"ತರೋದು ಬೇಡ ಕಣೇ, ಇಲ್ಲೇ ಬಂದು ಮಾಡು. ಬೆಳ್ಳುಳ್ಳಿ ಮೇಲೆ ಕಾದೆಣ್ಣೆ ಬೀಳೋ ಸದ್ದು ಕೇಳಿದ್ರೇ ಅರ್ಧ ಹಸಿವು ಬರುತ್ತೆ."

ಅಕ್ಕ ಹೂಂ ಎಂದು ಫೋನ್ ಇಟ್ಟಳು. ಇಪ್ಪತ್ತೆರಡು ವರ್ಷದಿಂದ ಆ ತಿನಿಸನ್ನು ತಂಗಿಯ ಕಣ್ಣೆದುರು ಅವಳು ಒಮ್ಮೆಯೂ ಮಾಡಿರಲಿಲ್ಲ. ಡಬ್ಬಿಯಲ್ಲಿ ಹಾಕಿ ಕಳಿಸಿದ್ದುಂಟು, ತನ್ನ ಮನೆಗೆ ಕರೆದು ಬಡಿಸಿದ್ದುಂಟು. ಮಾಡುವಾಗ ಮಾತ್ರ ತಂಗಿ ಹತ್ತಿರವಿರದ ಹಾಗೆ ನೋಡಿಕೊಂಡಿದ್ದಳು. ಈಗ ಅವಳದೇ ಅಡುಗೆಮನೆಯಲ್ಲಿ, ಅವಳದೇ ಬೋಗುಣಿಯಲ್ಲಿ ಮಾಡಬೇಕು. ಸರಿಯಾಗಿ ಮಾಡಿದರೆ ಗುಟ್ಟು ರಟ್ಟಾಗುತ್ತದೆ. ಗುಟ್ಟು ಉಳಿಸಿಕೊಳ್ಳಲು ಕೆಡಿಸೋಣವೆಂದರೆ, ಇಪ್ಪತ್ತು ದಿನ ಜ್ವರದಲ್ಲಿ ಬೆಂದವಳು ಬಾಯಿಬಿಟ್ಟು ಕೇಳಿದ ಒಂದೇ ತಿನಿಸು ಅದು.

ಆ ಗುಟ್ಟಾದರೂ ಎಂಥದ್ದು? ಹೇಳಿದರೆ ನಗು ಬರಬೇಕು.

ಅಕ್ಕ ಹೊಸದಾಗಿ ಕಾರ್ಖಾನೆಯ ಕ್ಯಾಂಟೀನಿಗೆ ಸೇರಿದಾಗ ಅಲ್ಲಿ ಚೀನಾದಿಂದ ಬಂದ ಒಬ್ಬ ಮುದುಕಿ ಅಡುಗೆಯವಳಿದ್ದಳು. ಎಲ್ಲರೂ ಅವಳನ್ನು ಚೀನಾದಜ್ಜಿ ಎನ್ನುತ್ತಿದ್ದರು. ಅವಳಿಗೆ ಇವರ ಭಾಷೆಯಲ್ಲಿ ಹತ್ತು ಮಾತು ಬರುತ್ತಿತ್ತು, ಅದರಲ್ಲಿ ಆರು ಬೈಗುಳ. ಹಾಗಾಗಿ ಕಲಿಯಬೇಕಾದವರು ಅವಳ ಕೈ ನೋಡಿಯೇ ಕಲಿಯಬೇಕಿತ್ತು. ಅಜ್ಜಿ ಸೌತೆಕಾಯಿಯನ್ನು ಹೆಚ್ಚುತ್ತಿರಲಿಲ್ಲ. ಅಗಲ ಕತ್ತಿಯನ್ನು ಅದರ ಮೇಲೆ ಮಲಗಿಸಿ ಅಂಗೈಯಿಂದ ಒಂದು ಏಟು ಕೊಡುವಳು, ಕಾಯಿ ಉದ್ದಕ್ಕೆ ಬಿರಿಯುವುದು. ಬಿರಿದದ್ದನ್ನು ಕೈಯಿಂದಲೇ ಮುರಿದು, ಉಪ್ಪು ಉದುರಿಸಿ, ಬೋಗುಣಿಯನ್ನು ಅಲ್ಲೇ ಬಿಟ್ಟು ಚಹಾದ ಲೋಟ ಹಿಡಿದು ಹಿತ್ತಿಲ ಮೆಟ್ಟಿಲಿಗೆ ಹೋಗಿ ಕೂರುವಳು. ಗುಟುಕು ಗುಟುಕಾಗಿ ಕುಡಿಯುವಳು. ಕೆಲಸದ ಹೊತ್ತಿನಲ್ಲಿ ಹೀಗೆ ಕೂರುವ ಅವಳನ್ನು ಕಂಡು ಉಳಿದವರು ಮೈಗಳ್ಳಿ ಎಂದು ಮೂಗು ಮುರಿಯುತ್ತಿದ್ದರು. ಲೋಟ ಬರಿದಾದ ಮೇಲೆ ಎದ್ದು ಬಂದು ಬೋಗುಣಿ ಬಾಗಿಸಿ, ಉಪ್ಪು ಎಳೆದು ತಂದ ನೀರನ್ನೆಲ್ಲ ಬಸಿದು ಚೆಲ್ಲುವಳು. ಆಮೇಲೆ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಚೂರು, ಅದರ ಮೇಲೆ ಚುಂಯ್ ಎನ್ನುವ ಕಾದೆಣ್ಣೆ, ಸೋಯಾ ಸಾಸ್, ವಿನೆಗರ್, ಚಿಟಿಕೆ ಸಕ್ಕರೆ, ಕೊನೆಗೆ ಎಳ್ಳು. ಅಜ್ಜಿಯ ಚಹಾ ವಿರಾಮವಲ್ಲ, ಅದೂ ಅಡುಗೆಯ ಒಂದು ಭಾಗ ಎಂಬುದನ್ನು ಇಡೀ ಕ್ಯಾಂಟೀನಿನಲ್ಲಿ ಗಮನಿಸಿದವಳು ಅಕ್ಕ ಒಬ್ಬಳೇ.

ಅಜ್ಜಿ ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ಆ ತಿನಿಸು ಅಕ್ಕನದಾಯಿತು. ಗುರುವಾರಗಳಂದು ಅದಕ್ಕಾಗಿ ಸಾಲು ಬಾಗಿಲಾಚೆಗೂ ಬೆಳೆಯುತ್ತಿತ್ತು. ಅಕ್ಕ ನೆಲದಿಂದ ಒಂದು ಗೇಣು ಮೇಲೆ ನಡೆದಾಡುತ್ತಿದ್ದ ಕಾಲ ಅದು. ಆಗಲೇ ಕ್ಯಾಂಟೀನಿನಲ್ಲಿ ಇನ್ನೊಂದು ಅಡುಗೆಯ ಕೆಲಸ ಖಾಲಿಯಾಯಿತು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದ ತಂಗಿ ಓಡಿ ಬಂದಳು.

"ಅಕ್ಕ, ನಾನೂ ಅಲ್ಲಿಗೇ ಬರ್ತೀನಿ. ಆ ಹಬೆಯಲ್ಲಿ ನಿಂತು ನಿಂತು ಸಾಕಾಗಿದೆ. ಮೇಲ್ವಿಚಾರಕರು ಏನಾದ್ರೂ ಮಾಡಿ ತೋರ್ಸು ಅಂತಾರಂತೆ. ನಿನ್ ಸೌತೆಕಾಯಿ ಹೇಳ್ಕೊಡು."

ತಂಗಿಯ ಕೈರುಚಿ ಚಿಕ್ಕಂದಿನಿಂದ ಮನೆಮಾತು. ಅಕ್ಕ ಅಳೆದು ಸುರಿದು ಗಂಟೆಗಟ್ಟಲೆ ಮಾಡಿದ್ದನ್ನು ಅಪ್ಪ ಸುಮ್ಮನೆ ಉಂಡು ಏಳುತ್ತಿದ್ದ. ತಂಗಿ ಕಣ್ಣಂದಾಜಿನಲ್ಲಿ ಕಲಸಿ ಇಟ್ಟದ್ದಕ್ಕೆ ಎರಡನೇ ಸಲ ತಟ್ಟೆ ಒಡ್ಡುತ್ತಿದ್ದ. ಅಕ್ಕನಿಗೆ ಅದು ಮರೆತಿರಲಿಲ್ಲ. ಆ ಸಂಜೆ ತಂಗಿಯನ್ನು ಎದುರು ಕೂರಿಸಿಕೊಂಡು ಎಲ್ಲ ಹೇಳಿದಳು. ತಂಗಿ ಲಾಂಡ್ರಿಯ ಚೀಟಿಯೊಂದರ ಬೆನ್ನಿಗೆ ಬರೆದುಕೊಂಡಳು. ಜಜ್ಜು, ಮುರಿ, ಉಪ್ಪು ಹಾಕು. ಅಲ್ಲಿಗೆ ಬಂದು ಅಕ್ಕ ಒಂದು ಉಸಿರಿನಷ್ಟು ಹೊತ್ತು ನಿಂತಳು. "ಆಮೇಲೆ ಬೆಳ್ಳುಳ್ಳಿ" ಎಂದಳು.

ಮರೆತೆ ಎಂದು ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡಳು. ಮರೆತಳಂತೆ! ಮರೆಯುವುದೇ ಆಗಿದ್ದರೆ ಚಿಟಿಕೆ ಸಕ್ಕರೆ ಮರೆಯಬಹುದಿತ್ತು, ಮೇಲಿನ ಎಳ್ಳು ಮರೆಯಬಹುದಿತ್ತು. ಪ್ರತಿ ಗುರುವಾರ ಲೋಟ ಹಿಡಿದು ಅದೇ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದವಳು ಕಾಯುವುದನ್ನೇ ಮರೆತಳೆಂದರೆ ಯಾರು ನಂಬಬೇಕು?

ಮಾರನೇ ದಿನ ಮೇಲ್ವಿಚಾರಕರು ಬಂದು ರುಚಿ ನೋಡುವ ಹೊತ್ತಿಗೆ ಬೋಗುಣಿಯ ತುಂಬ ಕೆಂಪು ನೀರು. ಸೌತೆಕಾಯಿ ಅದರಲ್ಲಿ ತೇಲುತ್ತಿತ್ತು. ಖಾರ, ಹುಳಿ, ಉಪ್ಪು ಎಲ್ಲ ನೀರಿಗೆ ಹೋಗಿ ಕಾಯಿ ಸಪ್ಪೆಯಾಗಿತ್ತು. "ಇದನ್ನ ತಿನ್ನೋದಾ, ಕುಡಿಯೋದಾ?" ಎಂದರು ಮೇಲ್ವಿಚಾರಕರು. ಅಡುಗೆಮನೆ ಬಿದ್ದು ಬಿದ್ದು ನಕ್ಕಿತು. ಅಕ್ಕ ನಗಲಿಲ್ಲ, ಆದರೆ ಬಾಯಿಯನ್ನೂ ತೆರೆಯಲಿಲ್ಲ. ಪಾತ್ರೆ ತೊಳೆಯುವವಳೊಬ್ಬಳು ತಂಗಿಗೆ ಅಲ್ಲೇ 'ನೀರುಗೈ' ಎಂದು ಹೆಸರಿಟ್ಟಳು. ತಂಗಿಯೂ ನಕ್ಕು, "ನೀರುಗೈಗೆ ನೀರಿನ ಕೆಲಸವೇ ಸರಿ ಬಿಡಿ" ಎಂದು ಲಾಂಡ್ರಿಗೆ ವಾಪಸಾದಳು. ಇಂದಿಗೂ ಅಲ್ಲೇ ಇದ್ದಾಳೆ.

ಆ ಭಾನುವಾರ ಅಕ್ಕ ತಂಗಿಯ ಮನೆಗೆ ಹೋದಾಗ ಹನ್ನೊಂದು ಗಂಟೆ. ತಂಗಿ ಶಾಲು ಹೊದ್ದು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು. ಮುಖ ಒಂದು ಹಿಡಿಯಷ್ಟಾಗಿತ್ತು. ಅಕ್ಕ ಸೌತೆಕಾಯಿ ತೊಳೆದಳು, ಒರೆಸಿದಳು, ಮತ್ತೆ ತೊಳೆದಳು. ಆಮೇಲೆ ಕತ್ತಿ ಮಲಗಿಸಿ ಏಟು ಕೊಟ್ಟಾಗ ಬೀಜವೊಂದು ಹಾರಿ ತಂಗಿಯ ಮಡಿಲಿಗೆ ಬಿತ್ತು. ತಂಗಿ ನಕ್ಕಳು. ನಕ್ಕಿದ್ದಕ್ಕೇ ಸುಸ್ತಾಗಿ, "ತಲೆ ಸುತ್ತುತ್ತೆ ಕಣೇ, ಎಣ್ಣೆ ಹಾಕುವಾಗ ಕೂಗು" ಎಂದು ಒಳಗೆ ಹೋಗಿ ಮಲಗಿದಳು.

ಸದ್ಯ, ಬದುಕಿದೆ ಎಂದುಕೊಂಡಳು ಅಕ್ಕ. ಸರಸರನೆ ಮುರಿದು, ಉಪ್ಪು ಹಾಕಿ, ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ತಂಗಿಯ ಮಗಳಿಗೆ, "ಒಂದು ಲೋಟ ಚಹಾ ಇಡಮ್ಮ, ಬಿಸಿಲಲ್ಲಿ ಬಂದು ಗಂಟಲು ಒಣಗಿದೆ" ಎಂದಳು. ಕಾಯುವಿಕೆಯನ್ನು ಚಹಾದ ಹಿಂದೆ ಬಚ್ಚಿಡುವುದನ್ನು ಯಾರಿಂದ ಕಲಿತಿದ್ದಳೋ, ಆ ಅಜ್ಜಿಯಲ್ಲಿ ಯಾವ ಕಪಟವೂ ಇರಲಿಲ್ಲ.

ಮಗಳು ಚಹಾ ಮಾಡಿ ಕೊಟ್ಟು, ಈಗಿನವರ ಹಾಗೆ ಫೋನ್ ತೆಗೆದಳು. "ದೊಡ್ಡಮ್ಮ, ಇದರಲ್ಲೂ ಇದೆ ನೋಡಿ ನಿಮ್ ಸೌತೆಕಾಯಿ. ಉಪ್ಪು ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು ನೀರು ಬಸೀಬೇಕಂತೆ. ಇಲ್ಲದಿದ್ರೆ ಎಲ್ಲಾ ನೀರು ನೀರಾಗುತ್ತಂತೆ."

ಅಕ್ಕ ಬಗ್ಗಿ ನೋಡಿದಳು. ಯಾರೋ ಹುಡುಗಿ ಹಲ್ಲು ಕಿರಿಯುತ್ತಾ ಬೋಗುಣಿ ಬಾಗಿಸುತ್ತಿದ್ದಳು. ಅಕ್ಕ ಇಪ್ಪತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಕಾದದ್ದನ್ನು ಅವಳು ಜಗತ್ತಿಗೆಲ್ಲ ಪುಕ್ಕಟೆ ಹಂಚುತ್ತಿದ್ದಳು.

"ಅಮ್ಮನಿಗೆ ಕ್ಯಾಂಟೀನಲ್ಲಿ ಅವತ್ತು ಆಗಿದ್ದು ಇದೇ ಅಲ್ವಾ?" ಎಂದಳು ಮಗಳು. "ಅವಳು ಇವತ್ತಿಗೂ ಏನನ್ನೂ ಕೈಯಲ್ಲಿ ಕಲಸಲ್ಲ ದೊಡ್ಡಮ್ಮ. ಹಿಟ್ಟು ಕಲಸೋದು ಅಪ್ಪ ಇಲ್ಲಾ ನಾನು. ನನ್ ಕೈ ತಗಲಿದ್ರೆ ನೀರಾಗುತ್ತೆ ಅಂತಾಳೆ. ತಮಾಷೆಗೆ ಅಂತ ನಾನೂ ಅಂದ್ಕೊಂಡಿದ್ದೆ. ತಮಾಷೆ ಅಲ್ಲ, ನಂಬ್ಕೊಂಡಿದ್ದಾಳೆ."

ಅಕ್ಕ ಲೋಟ ಕೆಳಗಿಟ್ಟಳು. ಈ ಮನೆಗೆ ಬಂದಾಗಲೆಲ್ಲ ತಂಗಿಯ ಗಂಡನೋ ಮಗಳೋ ಅಡುಗೆಮನೆಯಲ್ಲಿರುವುದನ್ನು ಕಂಡು, "ಮಹಾರಾಣಿ ಕಣೇ ನೀನು" ಎಂದು ತಂಗಿಯನ್ನು ತಾನೇ ಎಷ್ಟು ಸಲ ಛೇಡಿಸಿದ್ದಳು! ತಂಗಿ ನಕ್ಕು ಸುಮ್ಮನಾಗುತ್ತಿದ್ದಳು.

"ಈ ಉಪ್ಪಿನ ವಿಷಯ ಅಮ್ಮ ಮರ್ತುಬಿಟ್ಟಿರ್ಬೇಕು ಅಲ್ವಾ ದೊಡ್ಡಮ್ಮ?"

ಪಾರಾಗಲು ಬಾಗಿಲು ತಾನಾಗಿ ತೆರೆದಿತ್ತು. ಅಕ್ಕ ಹೇಡಿಯ ಹಾಗೆ ಅದರೊಳಗೆ ನುಸುಳಿದಳು. "ಹೂಂ. ಮರ್ತಿರ್ಬೇಕು" ಎಂದಳು.

ಎಣ್ಣೆ ಹಾಕುವಾಗ ಕೂಗಿದರು. ತಂಗಿ ಬಂದು ಕೂತು, ಸದ್ದಿಗೆ ಕಣ್ಣುಮುಚ್ಚಿ ಮೂಗರಳಿಸಿದಳು. ಮೊದಲ ಚೂರು ಬಾಯಿಗಿಟ್ಟಾಗ ಕರುಮ್ ಎಂದಿತು. ಜ್ವರ ಬಂದ ಮೇಲೆ ಮೊದಲ ಬಾರಿ ಅವಳ ಮುಖದಲ್ಲಿ ಕಳೆ ಬಂತು. "ಅಬ್ಬಾ, ಗೊತ್ತಾಗ್ತಿದೆ! ಖಾರ ಗೊತ್ತಾಗ್ತಿದೆ. ಕೈಗುಣ ಅಂದ್ರೆ ಇದು."

"ಕೈಗುಣ ಅಲ್ಲಮ್ಮ," ಮಗಳು ಖುಷಿಯಿಂದ ಹೇಳಿಬಿಟ್ಟಳು, "ಉಪ್ಪು ಹಾಕಿ ಇಪ್ಪತ್ತು ನಿಮಿಷ ಬಿಟ್ಟು ನೀರು ಬಸೀಬೇಕಂತೆ. ಅವತ್ತು ನೀನು ಅದನ್ನ ಮರ್ತಿದ್ದೆ ಅಷ್ಟೇ. ದೊಡ್ಡಮ್ಮನೇ ಹೇಳಿದ್ರು. ನಿನ್ ಕೈದೇನೂ ತಪ್ಪಿಲ್ಲ."

ತಂಗಿ ಅಗಿಯುವುದನ್ನು ನಿಲ್ಲಿಸಿದಳು. "ಮರ್ತಿದ್ನಾ? ಚೀಟಿಲಿ ಬರ್ಕೊಂಡಿದ್ದೆ... ಬರ್ಕೊಳ್ಳೋದೇ ಮರ್ತಿರ್ಬೇಕು." ತಟ್ಟೆಯಿಂದ ಇನ್ನೊಂದು ಚೂರು ಎತ್ತಿಕೊಂಡಳು. "ಸುಮ್ನೆ ಕೈನ ಬೈದೆ ನೋಡು, ತಪ್ಪು ತಲೆದು. ಪಾಪ, ಅಕ್ಕ ಅಷ್ಟು ಬಿಡಿಸಿ ಬಿಡಿಸಿ ಹೇಳ್ಕೊಟ್ಟಿದ್ಲು. ಅಷ್ಟು ಜನರ ಎದುರಿಗೆ ನಿನ್ ಮರ್ಯಾದೇನೂ ಕಳೆದೆ ಅಲ್ವಾ ಅಕ್ಕ? ನಂಗೆ ಅದೇ ಬೇಜಾರು ಆಗ್ತಿತ್ತು."

ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ.

"ನೀನು ಮರ್ತಿರ್ಲಿಲ್ಲ, ಪುಟ್ಟಿ. ನಾನು ಹೇಳೇ ಇರ್ಲಿಲ್ಲ."

"ನೀನು ಮರ್ತ್ಯಾ?"

"ಇಲ್ಲ."

ಮಗಳ ಕೈಯಲ್ಲಿದ್ದ ಫೋನಿನಲ್ಲಿ ಆ ಹುಡುಗಿ ಇನ್ನೂ ಏನೋ ವಟಗುಟ್ಟುತ್ತಿದ್ದಳು. ಮಗಳು ಅದನ್ನು ಆರಿಸಿದಳು.

"ಬೇಕೂಂತಲೇ ಹೇಳ್ಲಿಲ್ಲ," ಎಂದಳು ಅಕ್ಕ. "ನೀನು ಅಲ್ಲಿಗೆ ಬಂದ್ರೆ ಎರಡೇ ವಾರಕ್ಕೆ ಎಲ್ಲರೂ ನಿನ್ ಕಡೆ ತಟ್ಟೆ ಒಡ್ತಾರೆ ಅಂತ ನಂಗೆ ಹೊಟ್ಟೆಕಿಚ್ಚು. ಕೆಲ್ಸ ಕೊಡದೆ ಹೋದ್ರೆ ಸಾಕು ಅಂದ್ಕೊಂಡಿದ್ದೆ. ನೀನು ಅದನ್ನ ಇಷ್ಟು ದೂರ ಹೊತ್ಕೊಂಡು ಬರ್ತೀಯ ಅಂತ... ನಂಗೆ ಗೊತ್ತಾಗ್ಲಿಲ್ಲ ಕಣೇ."

ಗೊತ್ತುಮಾಡಿಕೊಳ್ಳಲಿಲ್ಲ ಎನ್ನಬೇಕಿತ್ತು.

ತಂಗಿ ತನ್ನ ಎರಡು ಅಂಗೈಗಳನ್ನೂ ಮಡಿಲಲ್ಲಿ ತೆರೆದಿಟ್ಟುಕೊಂಡು ನೋಡಿದಳು. ಇಸ್ತ್ರಿಯ ಬಿಸಿಗೆ ಬೆರಳ ತುದಿಗಳು ನುಣ್ಣಗಾಗಿದ್ದವು. ಆಮೇಲೆ ಮಗಳ ಕಡೆ ತಿರುಗಿ, "ಇನ್ನೊಂದು ಸೌತೆಕಾಯಿ ಇದ್ಯಾ?" ಎಂದಳು.

ಗೋಡೆ ಹಿಡಿದುಕೊಂಡು ಕಟ್ಟೆಯವರೆಗೆ ಹೋದಳು. ಅಕ್ಕ ಆಸರೆಗೆಂದು ಎದ್ದಾಗ, "ನೀನು ಕೂತ್ಕೋ" ಎಂದಳು. ಕತ್ತಿ ಮಲಗಿಸಿ ಕೊಟ್ಟ ಮೊದಲ ಏಟಿಗೆ ಬಲ ಸಾಲಲಿಲ್ಲ, ಎರಡನೆಯದಕ್ಕೆ ಬಿರಿಯಿತು. ಮುರಿದು ಉಪ್ಪು ಹಾಕಿದಳು. "ಚಹಾ ಇಡು" ಎಂದು ಮಗಳಿಗೆ ಹೇಳಿದಳು.

ಮೂವರೂ ಚಹಾ ಕುಡಿದರು. ಅಷ್ಟು ದೀರ್ಘವಾದ ಚಹಾವನ್ನು ಅಕ್ಕ ಆ ಮೆಟ್ಟಿಲ ಮೇಲೂ ಕುಡಿದಿರಲಿಲ್ಲ. ಕ್ಷಮಿಸು ಎಂಬ ಮಾತು ಬಾಯಿಯವರೆಗೆ ಬಂತು. ಬಂದು, ಅದು ಎಷ್ಟು ಚಿಕ್ಕದೆಂದು ನಾಚಿಕೆಯಾಗಿ ಹಿಂದೆ ಹೋಯಿತು.

ತನ್ನ ಲೋಟ ಬರಿದಾದ ಮೇಲೆ ತಂಗಿ ಬೋಗುಣಿ ಬಾಗಿಸಿ ನೀರನ್ನು ಅದೇ ಲೋಟಕ್ಕೆ ಬಸಿದಳು. ಲೋಟದ ತಳದಿಂದ ಎರಡು ಬೆರಳಿನಷ್ಟು ಬಂತು. ಕಿಟಕಿಯ ಬೆಳಕಿಗೆ ಹಿಡಿದಳು.

"ಇಷ್ಟೇನಾ?" ಎಂದಳು.

ಅಕ್ಕನಿಗೆ ತಲೆಯೆತ್ತಲಾಗಲಿಲ್ಲ. ತಂಗಿ ನೀರನ್ನು ಬಚ್ಚಲ ತೂಬಿಗೆ ಚೆಲ್ಲಿದಳು. ಬೆಳ್ಳುಳ್ಳಿ ಜಜ್ಜಿ ಹಾಕಿ, ಮೆಣಸಿನ ಚೂರು ಉದುರಿಸಿ, ಎಣ್ಣೆ ಕಾಯಿಸಿ ಸುರಿದಳು. ಸಾಸಿಗೆ ಚಮಚ ಮುಟ್ಟಲಿಲ್ಲ, ಸಕ್ಕರೆಗೆ ಅಳತೆ ನೋಡಲಿಲ್ಲ. ಕಲಸುವ ಹೊತ್ತಿಗೆ ಮಗಳು ಅಭ್ಯಾಸಬಲದಿಂದ ಮುಂದೆ ಬಂದು ಕೈಚಾಚಿದಳು. ತಂಗಿ ಬೇಡವೆಂದು ತಲೆಯಾಡಿಸಿ, ಎಣ್ಣೆ ಆರುವವರೆಗೆ ನಿಂತು, ತನ್ನ ಕೈಯನ್ನೇ ಬೋಗುಣಿಗೆ ಇಳಿಸಿದಳು. ತಳದಿಂದ ಮೇಲಕ್ಕೆ, ಎರಡು ಸಲ, ಮೂರು ಸಲ. ಮಗಳ ಬಾಯಿಗೆ ಒಂದು ಚೂರು ಇಟ್ಟಳು. ಮಗಳು ಕಣ್ಣರಳಿಸಿ ತಾಯಿಯನ್ನು ನೋಡಿದಳು. ಆಮೇಲೆ ತಂಗಿ ಒಂದು ತಟ್ಟೆಗೆ ಹಾಕಿ ಅಕ್ಕನ ಮುಂದಿಟ್ಟಳು.

ಅಕ್ಕ ತಿಂದಳು. ಬೆಳ್ಳುಳ್ಳಿ ಒಂದೆಸಳು ಜಾಸ್ತಿ, ಸಿಹಿ ಒಂದು ಕೂದಲೆಳೆ ಕಡಿಮೆ, ಹುಳಿ ಕೊನೆಯಲ್ಲಿ ಬಂದು ಮುಟ್ಟುತ್ತಿತ್ತು. ಸಾವಿರ ಗುರುವಾರ ಮಾಡಿಯೂ ತನ್ನ ಕೈಗೆ ಒಮ್ಮೆಯೂ ಸಿಗದ ಹದ ಅದು.

"ಹೇಗಿದೆ?"

"ನಂದಕ್ಕಿಂತ ಚೆನ್ನಾಗಿದೆ."

"ಹೂಂ," ಎಂದಳು ತಂಗಿ ಕೈ ತೊಳೆಯುತ್ತಾ. "ಅದು ನಿಂಗೆ ಅವತ್ತೇ ಗೊತ್ತಿತ್ತಲ್ಲ."

ಅವಳು ಹೋಗಿ ಮಲಗಿದಳು. ಅಕ್ಕ ತಟ್ಟೆಯಲ್ಲಿದ್ದುದನ್ನು ಒಂದು ಚೂರೂ ಬಿಡದೆ ತಿಂದಳು. ಕಣ್ಣಲ್ಲಿ ನೀರು ಬಂದಾಗ, ಖಾರ ಜಾಸ್ತಿಯಾಯ್ತಾ ದೊಡ್ಡಮ್ಮ ಎಂದು ಮಗಳು ಕೇಳಲಿಲ್ಲ.