ಮಾವ ಹಾಕಿದ ಉಂಗುರ

ಆಲಮೇಲದ ಬಸ್ ಸ್ಟ್ಯಾಂಡಿನ ಮುಂದೆ ರಾವಸಾಬನ ಕಬ್ಬಿನ ಹಾಲಿನ ಅಂಗಡಿ. ಮದುವೆಯಾಗಿ ಬಂದ ವಾರದಲ್ಲೇ ಹೆಂಡತಿ ಸುಮಂಗಲಾ ಅಲ್ಲಿ ತನ್ನ ಕಾಯಿದೆ ಜಾರಿಗೆ ತಂದಿದ್ದಳು: ಗಾಣ ತಿರುಗುವಾಗ ಗಂಡನ ಬೆರಳಲ್ಲಿ ಉಂಗುರ ಇರಕೂಡದು, ಒಮ್ಮೆ ಹಿಂಡಿ ಮಡಚಿದ ಸಿಪ್ಪೆಯನ್ನು ಕಬ್ಬಿನ ತುಂಡಿನಿಂದಲೇ ಒಳಗೆ ತಳ್ಳಬೇಕು. ಕಾಯಿದೆ ಮುರಿದರೆ ಅಂದು ಊಟಕ್ಕೆ ಬರೀ ಮಜ್ಜಿಗೆ. ರಾವಸಾಬ ಜಾಣ, ಒಮ್ಮೆಯೂ ಮುರಿದಿರಲಿಲ್ಲ.

ಆದರೆ ಇವತ್ತು ಮೋರಟಗಿಯಿಂದ ಮಾವ ಗುರುಲಿಂಗಪ್ಪ ಬರುವವನಿದ್ದ. ಅಳಿಯನಿಗೆ ಬಂಗಾರದ ಉಂಗುರ ಹಾಕಿದ್ದನ್ನು ಸುತ್ತಲ ಹಳ್ಳಿಗೆಲ್ಲ ಸಾರಿಕೊಂಡು ಬಂದ ಮನುಷ್ಯ. ಅಳಿಯನ ಬೆರಳು ಬರಿದಾಗಿ ಕಂಡರೆ ನೀರೂ ಮುಟ್ಟದೆ ತಿರುಗಿ ಬಸ್ ಹತ್ತುವಂಥವನು. ಅಪ್ಪ ಮೊದಲ ಸಲ ಮಗಳ ಮನೆಗೆ ಬಂದು ಮುನಿಸಿಕೊಂಡು ಹೋದರೆ? ಸುಮಂಗಲಾಗೆ ಅತ್ತ ದರಿ, ಇತ್ತ ಪುಲಿ.

“ಒಂದ ದಿನಕ್ಕ ಏನಾಗತೈತಿ?” ಎಂದು ರಾವಸಾಬ ಉಂಗುರ ಏರಿಸಿಯೇ ಬಿಟ್ಟ. ಬೇಡ ಅನ್ನಲು ಅವಳಿಗೂ ಬಾಯಿ ಬರಲಿಲ್ಲ.

ಮಾವ ಬಂದ, ಕುರ್ಚಿಯಲ್ಲಿ ಕುಳಿತ, ಮೊದಲು ಬೆರಳನ್ನೇ ನೋಡಿ ಮೀಸೆ ಸವರಿಕೊಂಡ. ಅಷ್ಟರಲ್ಲಿ ಇಂಡಿ ಬಸ್ಸು ಬಂದು ಗಿರಾಕಿಗಳು ಮುತ್ತಿದರು. ಅವಸರದಲ್ಲಿ ರಾವಸಾಬ ಸಿಪ್ಪೆ ಮಡಚಿ ಕೈಯಿಂದಲೇ ತಳ್ಳಿದ. ಕಬ್ಬಿನ ನಾರು ಉಂಗುರಕ್ಕೆ ಸಿಕ್ಕಿಕೊಂಡು ಬೆರಳನ್ನು ಗಾಣದ ಬಾಯಿಗೆ ಎಳೆಯತೊಡಗಿತು.

ಸುಮಂಗಲಾ ಕೈಲಿದ್ದ ಗ್ಲಾಸು ಬಿಸಾಕಿ ಬಟನ್ ಒತ್ತಿದಳು. ಗಾಣ ಗುರ್ರೆಂದು ನಿಂತಿತು. ನಾರು ಕತ್ತರಿಸಿ ಕೈ ಬಿಡಿಸಿದರೆ ಬೆರಳಿನ ಚರ್ಮ ತರಚಿತ್ತು, ಅಷ್ಟೇ. ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

“ದಿನಾ ಹಿಂಗ ಹಾಕ್ಕೊಂಡ ಕೆಲಸ ಮಾಡ್ತೀರೇನು ಅಳಿಯಾರ?” ಮಾವ ಕುರ್ಚಿ ಬಿಟ್ಟು ಎದ್ದು ಬಂದಿದ್ದ.

“ಇಲ್ರಿ ಮಾವಾರ. ನೀವು ಬರ್ತೀರಂತ ಇವತ್ತ…”

“ಅಪ್ಪಾ, ನೀ ಸಿಟ್ಟಾದ್ರ ಆಗು,” ಎಂದಳು ಸುಮಂಗಲಾ. “ಗಾಣದ ಮುಂದ ಇವರು ಇನ್ನ ಉಂಗುರ ಹಾಕೂದಿಲ್ಲ.”

ಗುರುಲಿಂಗಪ್ಪ ಸಾಬೂನು ತರಿಸಿ, ಬಾತುಕೊಳ್ಳುತ್ತಿದ್ದ ಬೆರಳಿನಿಂದ ಉಂಗುರವನ್ನು ತಾನೇ ತಿರುವಿ ತಿರುವಿ ತೆಗೆಯತೊಡಗಿದ. ಹಾಲು ಮರೆತ ಗಿರಾಕಿಗಳು “ಜಗ್ರಿ ಯಜಮಾನ್ರ, ಜಗ್ರಿ!” ಎಂದು ಹುರಿದುಂಬಿಸಿದರು. ಕೊನೆಗೂ ಉಂಗುರ ಕಳಚಿತು.

ಆಗಲೇ ಮಾವನ ಫೋನು ರಿಂಗಾಯಿತು. ಮನೆಯಿಂದ ಹೆಂಡತಿ ಗುಂಡವ್ವ. “ಅಳಿಯಾರ ಕೈಯಾಗ ಉಂಗುರ ಐತೇನ್ರಿ? ನೋಡಿದ್ರೇನು?”

ಗುರುಲಿಂಗಪ್ಪ ಅಳಿಯನ ಕೈಯನ್ನು ಇನ್ನೂ ಹಿಡಿದೇ ಇದ್ದ.

“ಬೆರಳ ಎಲ್ಲಾ ಅದಾವ,” ಎಂದ. “ಎಣಿಸೇನಿ.”