ಹಂಡೆಯ ಪಕ್ಕದ ಸ್ಟೂಲು

ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದು, ಹಿಂದಿನ ಕೋಣೆಯಲ್ಲಿ ಸುಗಂಧದ ಎಣ್ಣೆ ಇಳಿಸುವ ತಾಮ್ರದ ಹಂಡೆಗೆ ಲ್ಯಾವೆಂಡರ್ ಹೂವು ತುಂಬಿ, ಕೆಳಗೆ ಉರಿ ಹಚ್ಚಿದ ಎಣ್ಣೆಯವನು ಎಂದಿನಂತೆ ಕೂಗಿದ: "ಗುಬ್ಬೀ, ಬಾರೇ, ಇನ್ನೇನು ಎಣ್ಣೆ ಇಳಿಯುತ್ತೆ!"

ಕೂಗಿದ ಮೇಲೆ ನೆನಪಾಯಿತು. ಹಂಡೆಯ ಪಕ್ಕದ ಸ್ಟೂಲು ಖಾಲಿ. ಮಗಳು ಸತ್ತು ತಿಂಗಳಾಗಿತ್ತು. ನಾಲಿಗೆಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಗುಬ್ಬಿಯದು ಅಪರೂಪದ ಮೂಗು. ಹನಿಹನಿಯಾಗಿ ಇಳಿಯುವ ಎಣ್ಣೆಯನ್ನು ಮೂಸಿ, "ಸಾಕಪ್ಪಾ, ಬಾಟ್ಲಿ ಬದಲಾಯ್ಸು, ಇನ್ನು ಬರೋದೆಲ್ಲ ಹುಲ್ಲಿನ ವಾಸನೆ" ಎನ್ನುತ್ತಿದ್ದಳು. ಅವಳಿಗೆ ಚಿಕ್ಕಂದಿನಿಂದ ಫಿಟ್ಸ್. ಮಾತ್ರೆ ಅದನ್ನು ಹತೋಟಿಯಲ್ಲಿಟ್ಟಿತ್ತು. ಆದರೆ ನುಂಗಿದ ಮೇಲೆ ಒಂದೇ ಮಂಪರು. ಮೂಗಿಗೆ ಏನೂ ತಿಳಿಯುವುದಿಲ್ಲ ಎಂದು ಹುಡುಗಿ ಅಳುತ್ತಿದ್ದಳು. ಅಷ್ಟರಲ್ಲಿ ಪತ್ರಿಕೆಯಲ್ಲೊಂದು ಸುದ್ದಿ ಬಂತು. ಲ್ಯಾವೆಂಡರ್ ಎಣ್ಣೆಯನ್ನು ಮೂಸಿಸಿದ ಇಲಿಗಳಿಗೆ ಫಿಟ್ಸ್ ಕಡಿಮೆಯಾಯಿತಂತೆ.

"ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತಲ್ಲೇ ನಮ್ಮ ಕಥೆ!" ಎಂದು ಅಪ್ಪ ಹಿಗ್ಗಿದ.

"ಅದು ಇಲಿಗಳ ಮಾತು. ಮುಂದೆ ಮನುಷ್ಯರಿಗೂ ಉಪಯೋಗ ಆಗಬಹುದು, ಆಗದೆಯೂ ಇರಬಹುದು. ಮಾತ್ರೆ ಮಾತ್ರ ಬಿಡಿಸಬೇಡಿ" ಎಂದಿದ್ದರು ಡಾಕ್ಟರು.

"ಹೆತ್ತವರಿಗೆ ಹೆಗ್ಗಣ ಮುದ್ದು, ನಿಮಗೆ ನಿಮ್ಮ ಎಣ್ಣೆ. ಅವಳ ಮಾತ್ರೆ ತಂಟೆಗೆ ಹೋಗ್ಬೇಡಿ" ಎಂದಿದ್ದಳು ಹೆಂಡತಿ.

ಇಬ್ಬರ ಮಾತೂ ಅವನ ಕಿವಿಗೆ ಹೋಗಲಿಲ್ಲ. ಮಾತ್ರೆ ನಿಂತಿತು, ದಿಂಬಿಗೆ ಎಣ್ಣೆ ಬಿತ್ತು. ಗುಬ್ಬಿ ಗೆಲುವಾದಳು. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳಿಕೊಂಡ. ಒಂದು ಮಧ್ಯಾಹ್ನ ಸ್ಟೂಲಿನ ಮೇಲೆ ಕೂತಿದ್ದಂತೆಯೇ ಅವಳಿಗೆ ಫಿಟ್ಸ್ ಬಂತು. ಉರಿಯುವ ಒಲೆಗೇ ಬಿದ್ದಳು. ಉಳಿಯಲಿಲ್ಲ. "ಕಾಲು ಜಾರಿತು" ಎಂದು ಅವನು ಬೀದಿಗೆಲ್ಲ ಹೇಳಿದ. ಹೆಂಡತಿ ಎದುರಾಡಲಿಲ್ಲ. ಅಂದಿನಿಂದ ಅವನೊಡನೆ ಮಾತನ್ನೇ ಆಡಲಿಲ್ಲ.

ಎದುರು ಬೀದಿಯ ಟೈಲರಮ್ಮ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಒಳಗೆ ಬಂದಳು. "ಅಣ್ಣಾ, ಇಂಥ ಹೊತ್ತಲ್ಲಿ ಕೇಳಬಾರದು. ನನ್ನ ತಂಗಿ ಫಿಟ್ಸ್‌ಗೆ ಆ ಎಣ್ಣೆ ಇನ್ನೊಂದು ಬಾಟ್ಲಿ ಬೇಕಿತ್ತು. ನೀವು ಹೇಳಿದ ಮೇಲೆ ಅವಳ ಮಾತ್ರೆ ನಿಲ್ಲಿಸಿಬಿಟ್ವಿ."

ಬಾಟಲಿಯತ್ತ ಕೈ ಚಾಚುತ್ತಲೇ ಅವನೆಂದ: "ಮತ್ತೆ ಮಾತ್ರೆ ಕೊಡಮ್ಮಾ."

"ಕೊಟ್ರೆ ಮೆಷಿನ್ ಮುಂದೆ ತೂಕಡಿಸ್ತಾಳೆ. ನೋಡಿದವರು ಏನು ಕಾಯಿಲೆ ಅಂತ ಕೇಳ್ತಾರೆ. ಎಣ್ಣೆ ಆದ್ರೆ ಸೆಂಟು ಅನ್ಕೋತಾರೆ, ನಮ್ಮ ಮಾನ ಉಳಿಯುತ್ತೆ. ಗುಬ್ಬಿಗೂ ವಾಸಿ ಆಗಿತ್ತಲ್ವಾ? ಪಾಪ, ಕಾಲೊಂದು ಜಾರದೇ ಇದ್ದಿದ್ರೆ..."

ಬಾಟಲಿಯ ತನಕ ಹೋದ ಅವನ ಕೈ ಅಲ್ಲೇ ನಿಂತಿತು. ನಿಜ ಹೇಳಿದರೆ ಬೀದಿಯಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ಹೇಳದಿದ್ದರೆ ಇನ್ನೊಂದು ಮನೆಯ ಹುಡುಗಿ ಹೋಗುತ್ತಾಳೆ. ಅವನು ಹಂಡೆಯ ಕೆಳಗಿನ ಉರಿ ಆರಿಸಿದ.

"ತಂಗೀನ ಕರ್ಕೊಂಡು ಬಾ. ಡಾಕ್ಟರ ಹತ್ರ ಹೋಗೋಣ, ಈಗಲೇ."

ಡಾಕ್ಟರ ಕೋಣೆಯ ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನ ತುಂಬ ಬೀದಿಯವರೇ. ಡಾಕ್ಟರು ರೇಗಿದರು: "ಒಂದೇ ಸಲ ಹೀಗೆ ನಿಲ್ಲಿಸೋದಾ? ಮಂಪರು ಬರ್ತಿದೆ ಅಂದಿದ್ರೆ ಬೇರೆ ಮಾತ್ರೆ ಬರೆದುಕೊಡ್ತಿರಲಿಲ್ವಾ ನಾನು? ಯಾರು ಹೇಳಿದ್ದು ನಿಮಗೆ?"

ಟೈಲರಮ್ಮ ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದವನ ಕಡೆ ಬೆರಳು ತೋರಿಸಲು ಅವಳಿಗೆ ಮನಸ್ಸು ಬರಲಿಲ್ಲ.

"ನಾನು ಹೇಳಿದ್ದು" ಎಂದ ಎಣ್ಣೆಯವನು. ಬೆಂಚಿನವರೆಲ್ಲ ತಿರುಗಿದರು. "ಗುಬ್ಬಿ ಮಾತ್ರೇನೂ ನಾನೇ ನಿಲ್ಲಿಸಿದ್ದೆ. ಅವಳ ಕಾಲು ಜಾರಲಿಲ್ಲ. ಫಿಟ್ಸ್ ಬಂತು."

ಟೈಲರಮ್ಮ ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಅವನು ಮರಳಿ ಬಂದಾಗ ಹೆಂಡತಿ ಹಂಡೆಯ ಕೋಣೆ ಗುಡಿಸುತ್ತಿದ್ದಳು. "ಎಲ್ಲರೆದುರು ನಿಜ ಹೇಳಿಬಂದೆ" ಎಂದ. ಅವಳು ತಲೆಯೆತ್ತಲಿಲ್ಲ. "ಬೇರೆ ಮಾತ್ರೆ ಇತ್ತಂತೆ ಕಣೇ. ಮಂಪರು ಅಂತ ಹೇಳಿದ್ರೆ ಬದಲಾಯಿಸಿ ಕೊಡ್ತಿದ್ರಂತೆ. ನಾನು ಕೇಳಲೇ ಇಲ್ಲ."

ಪೊರಕೆ ನಿಂತಿತು. ಅವಳು ಗುಬ್ಬಿಯ ಸ್ಟೂಲಿನ ಮೇಲೆ ಕುಸಿದು ಕೂತಳು. ತಿಂಗಳ ಮೇಲೆ ಮೊದಲ ಸಲ ಅವನೊಡನೆ ಬಾಯಿ ಬಿಟ್ಟಳು.

"ಅದನ್ನಾದ್ರೆ ಖುಷಿಯಾಗಿ ನುಂಗ್ತಿದ್ಲಲ್ರೀ" ಎಂದಳು.